ಎರಡು ಚಂದ್ರ ಮತ್ತು ಅಂಟಿಸಿದ ಅತ್ತೆ

ಕ್ಯಾಮೆರಾ ಹೆಗಲಿಗೇರಿಸಿಕೊಂಡು ಈಗಷ್ಟೇ ಈ ಕೆಲಸಕ್ಕೆ ಇಳಿದ ಹುಡುಗ ಹುಡುಗಿಯರು ಆಗಾಗ ಮುದ್ದೇಬಿಹಾಳದ ನನ್ನ ಮನೆಗೆ ಬರುತ್ತಾರೆ. ಯಾವ ಲೆನ್ಸ್ ಕೊಳ್ಳಲಿ, ಯಾವ ಸಾಫ್ಟ್‌ವೇರ್ ಕಲಿಯಲಿ ಎಂದು ಕೇಳುತ್ತಾರೆ. ನಾನು ಅವೆರಡನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳುತ್ತೇನೆ. ಅವರು ಚಹಾ ಕುಡಿದು ತಲೆಯಾಡಿಸಿ ಹೋಗುತ್ತಾರೆ. ಕೇಳಿಸಿಕೊಂಡರೋ ಇಲ್ಲವೋ ಎಂದು ನನಗೆ ಸಂಶಯ. ಆದ್ದರಿಂದ ಬರೆದೇ ಇಡುತ್ತಿದ್ದೇನೆ.

ಸಂಶಯ ನನ್ನ ಕಸುಬಿನ ರೋಗ. ಸ್ಟುಡಿಯೋ ನಡೆಸಿದ ಅಷ್ಟೂ ವರ್ಷ ನಾನು ಯಾರನ್ನೂ ಪೂರ್ತಿ ನಂಬಿದವನಲ್ಲ. ಫೋಟೋ ತೊಳೆಯುವ ಹೈಪೋ ಪುಡಿ ತಂದುಕೊಡುವವನು ಅದರಲ್ಲಿ ಅಡುಗೆ ಉಪ್ಪು ಬೆರೆಸುತ್ತಾನೆ ಎಂದುಕೊಂಡಿದ್ದೆ. ನಾನು ಡಾರ್ಕ್‌ರೂಮಿಗೆ ಹೋದಾಗಲೇ ಕರೆಂಟು ತೆಗೆಯುತ್ತಾರೆ ಎಂದು ಲೈನ್‌ಮನ್ ಜೊತೆ ಜಗಳವಾಡಿದ್ದೆ. "ನಿಮಗ ಕನ್ನಡ್ಯಾಗಿನ ನಿಮ್ಮ ಮಾರಿ ಮ್ಯಾಲೂ ಡೌಟ ಐತಿ" ಎಂದು ನನ್ನ ಹೆಂಡತಿ ಬೈಯುತ್ತಿದ್ದಳು. ಅವಳು ಹೇಳಿದ್ದು ಸುಳ್ಳಲ್ಲ. ಆದರೆ ಈ ರೋಗವನ್ನು ನನಗೆ ಅಂಟಿಸಿದವರು ಬೇರೆ.

ಅವರು ತಾಳಿಕೋಟೆಯ ದತ್ತೋಬಾ ಮಾಮಾ. ನಾನು ಫೋಟೋ ಕಲಿತದ್ದು ಅವರ ಸ್ಟುಡಿಯೋದಲ್ಲಿ. ಮೊದಲ ಒಂದು ವರ್ಷ ಕ್ಯಾಮೆರಾ ಮುಟ್ಟಗೊಡಲಿಲ್ಲ, ಬರೀ ಪ್ರಿಂಟು ತೊಳೆಸಿದರು. ಒಂದೊಂದು ಪ್ರಿಂಟು ಒಣಗಿದಾಗಲೂ ಒಂದೇ ಪ್ರಶ್ನೆ. "ಬೆಳಕ ಯಾವ ಕಡಿಂದ ಬಂತು?" ಎಡದಿಂದ ಎಂದರೆ, "ಹಂಗಾರ ಈಕಿ ಮೂಗಿನ ನೆರಳ ಎಲ್ಲಿ?" ಎನ್ನುವರು. ತಪ್ಪು ಹೇಳಿದರೆ ಒದ್ದೆ ಕೈಯಿಂದಲೇ ಬೆನ್ನಿಗೆ ಒಂದು ಗುದ್ದು. ಹೀಗೆ ಎಲ್ಲ ಮುಖದಲ್ಲೂ ಮೊದಲು ನೆರಳು ಹುಡುಕುವ ಚಾಳಿ ಬಿತ್ತು.

ಅಂಟಿಸುವ ಕೆಲಸವನ್ನೂ ಮಾಮಾ ಅವರೇ ಕಲಿಸಿದರು. ಈಗ ನೀವು ಮೊಬೈಲಿನಲ್ಲಿ ಬೆರಳು ಸರಿಸಿ ಮಾಡುವುದನ್ನು ನಾವು ಬ್ಲೇಡಿನಿಂದ ಮಾಡುತ್ತಿದ್ದೆವು. ಜನ ಒಂದು ಮನೆತನದ ಫೋಟೋ ತಂದು, "ಇದರಾಗ ನಮ್ಮಪ್ಪ ಇಲ್ರಿ, ನಡುವ ಕುಂಡ್ರಸ್ರಿ" ಎನ್ನುವರು. ಅಪ್ಪ ಎಂದೋ ತೀರಿಕೊಂಡಿರುತ್ತಿದ್ದ. ಅವನ ಹಳೆಯ ಚಿತ್ರವನ್ನು ಅಳತೆಗೆ ಪ್ರಿಂಟು ಹಾಕಿ, ಅಂಚು ಕತ್ತರಿಸಿ, ಕಾಗದದ ಹಿಂಬದಿಯನ್ನು ಉಸುಕು ಕಾಗದದಿಂದ ತೆಳ್ಳಗೆ ಉಜ್ಜಿ, ಅಂಟು ಹಚ್ಚಿ ಕೂರಿಸಬೇಕು. ಸಂದಿಯ ಮೇಲೆ ಸಣ್ಣ ಕುಂಚದಿಂದ ಬಣ್ಣ ತೀಡಿ, ಇಡಿಯಾಗಿ ಮತ್ತೊಮ್ಮೆ ಫೋಟೋ ಹೊಡೆಯಬೇಕು. ಆಮೇಲೆ ಅಪ್ಪ ಮಕ್ಕಳ ನಡುವೆ ಕೂತಿರುತ್ತಾನೆ. ಇದನ್ನು ಯಾರೂ ಸುಳ್ಳು ಎಂದುಕೊಳ್ಳುತ್ತಿರಲಿಲ್ಲ, ಅದು ನಮ್ಮ ಕಡೆಯ ರೂಢಿ.

ಮುದ್ದೇಬಿಹಾಳದಲ್ಲಿ ಸ್ವಂತ ಸ್ಟುಡಿಯೋ ತೆಗೆದ ಮೇಲೆ ಒಂದು ದಿನ ಸಿಂದಗಿಯಿಂದ ಒಬ್ಬ ಮನುಷ್ಯ ಬಂದ. ದಪ್ಪ ಕನ್ನಡಕ, ಬಗಲಲ್ಲಿ ಬಟ್ಟೆಯ ಚೀಲ.

"ನನಗ ಬ್ಯಾರೆ ಲೋಕದ ಫೋಟೋ ಬೇಕಾಗಿತ್ರಿ" ಎಂದ.

ನನಗೆ ಮೊದಲು ಹೊಳೆದದ್ದು, ಇವನು ಯಾವುದೋ ಖೊಟ್ಟಿ ಕಾಗದಪತ್ರದ ಗಿರಾಕಿ ಎಂದು. ಅಂಥವರು ಹೀಗೇ ಸುತ್ತಿ ಬಳಸಿ ಮಾತು ತೆಗೆಯುತ್ತಾರೆ. "ಅಂಥಾ ಕೆಲಸ ನಾ ಮಾಡೂದಿಲ್ರಿ" ಎಂದೆ. ಅವನು ನಗುತ್ತಾ ಚೀಲದಿಂದ ಕೈಬರಹದ ಹಾಳೆಗಳನ್ನು ತೆಗೆದಿಟ್ಟ. ಅವನ ಹೆಸರು ಗುರುಪಾದ, ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ವೈಜ್ಞಾನಿಕ ಕಥೆ ಬರೆಯುತ್ತಿದ್ದ. ಒಂದು ವಾರಪತ್ರಿಕೆಯವರು, ಜೊತೆಗೆ ಚಿತ್ರವಿದ್ದರೆ ಹಾಕುತ್ತೇವೆ ಎಂದಿದ್ದರಂತೆ.

ಕಥೆ ಓದಿದೆ. ಸಿಂದಗಿಯ ಒಬ್ಬ ಗುಮಾಸ್ತ ಬಸ್ಸಿನಲ್ಲಿ ನಿದ್ದೆ ಹೋಗಿ, ಎರಡು ಚಂದ್ರರಿರುವ ಲೋಕದಲ್ಲಿ ಇಳಿಯುತ್ತಾನೆ. ಉಳಿದದ್ದೆಲ್ಲ ಇಲ್ಲಿನ ಹಾಗೆಯೇ. ಅಲ್ಲಿಯೂ ಇಂಡಿ ಬಸ್ಸು ಹೊತ್ತಿಗೆ ಬರುವುದಿಲ್ಲ. ನನಗೆ ನಗು ತಡೆಯಲಿಲ್ಲ. ಇಬ್ಬರೂ ತಾಳಿಕೋಟೆ ಹತ್ತಿರ ಡೋಣಿ ನದಿಯ ದಂಡೆಗೆ ಹೋದೆವು. ಬೇಸಿಗೆ, ಎರೆ ಮಣ್ಣು ಮೊಣಕಾಲುದ್ದ ಬಿರುಕು ಬಿಟ್ಟಿತ್ತು. ಕ್ಯಾಮೆರಾವನ್ನು ನೆಲಕ್ಕೆ ಇಟ್ಟು ಹೊಡೆದೆ. ಚಂದ್ರನಿಗೆ ಮನೆಯ ಸ್ಟೀಲ್ ತಾಟನ್ನು ಕರೀ ಬಟ್ಟೆಯ ಮೇಲಿಟ್ಟು ಫೋಟೋ ತೆಗೆದು, ಡಾರ್ಕ್‌ರೂಮಿನಲ್ಲಿ ಆಕಾಶದ ಮೇಲೆ ಎರಡು ಸಲ ಒತ್ತಿದೆ. ಪತ್ರಿಕೆಯಲ್ಲಿ ಬಂದಾಗ ಜನ ಆ ಜಾಗ ಎಲ್ಲಿದೆ ಎಂದು ಕೇಳಿದರು. ದಿನಾ ಅದರ ಮೇಲೆಯೇ ಎಮ್ಮೆ ಹೊಡೆದುಕೊಂಡು ಹೋಗುವವರೂ ಕೇಳಿದರು.

ಅಲ್ಲಿಂದ ಒಬ್ಬರ ಹುಚ್ಚು ಇನ್ನೊಬ್ಬರಿಗೆ ಹಿಡಿಯಿತು. ಅವನ ಕಥೆಯಿಂದ ನನಗೆ ಚಿತ್ರ ಹುಟ್ಟುತ್ತಿತ್ತು, ನನ್ನ ಕೆಟ್ಟ ಚಿತ್ರದಿಂದ ಅವನಿಗೆ ಕಥೆ.

ಕೆಟ್ಟ ಚಿತ್ರ ಎಂದಾಗ ಲಚ್ಯಾಣದ ಮದುವೆ ಹೇಳಲೇಬೇಕು. ಇಂಡಿ ತಾಲ್ಲೂಕಿನ ಆ ಊರಿಗೆ ಎರಡು ಬಸ್ಸು ಬದಲಿಸಿ ಹೋಗಿ ಇಡೀ ಮದುವೆ ಹೊಡೆದುಕೊಂಡು ಬಂದೆ. ರೀಲು ತೊಳೆದರೆ ಎಲ್ಲ ಬೆಳಕು ಕುಡಿದಿತ್ತು. ನಾನು ಊಟಕ್ಕೆ ಕೂತಾಗ ಯಾರೋ ಕ್ಯಾಮೆರಾದ ಹಿಂಬಾಗಿಲು ತೆರೆದು ನೋಡಿದ್ದಾರೆ. ವರನ ಸೋದರಮಾವನ ಮೇಲೆ ನನಗೆ ಇಂದಿಗೂ ಗುಮಾನಿ ಇದೆ. ಪ್ರಿಂಟು ಹಾಕಿದರೆ ಮದುಮಕ್ಕಳು ಬೆಳ್ಳಗೆ ಉರಿಯುವ ಬತ್ತಿಗಳ ಹಾಗೆ ನಿಂತಿದ್ದರು, ಮುಖವೇ ಇಲ್ಲ. ಹೆಣ್ಣಿನ ಅಪ್ಪ ಅಂಗಡಿಗೆ ಬಂದು ಬಾಯಿಗೆ ಬಂದಂತೆ ಬೈದ. ಕೊನೆಗೆ ಮತ್ತೆ ಹೋಗಿ, ಮದುಮಕ್ಕಳಿಗೆ ಮತ್ತೆ ಬಾಸಿಂಗ ಕಟ್ಟಿಸಿ, ಎರಡನೆಯ ಸಲ ಅಕ್ಕಿಕಾಳು ಹಾಕಿಸಿದೆ. ಎರಡನೆಯ ಸಲ ಹುಡುಗಿ ನಾಚಲಿಲ್ಲ.

ಗುರುಪಾದ ಆ ಹಾಳಾದ ಪ್ರಿಂಟುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇವರು ಸುಟ್ಟಿಲ್ಲೋ ಈರಣ್ಣ. ಇವರು ಬೆಳಕಿನ ಮಂದಿ" ಎಂದ. ನನ್ನ ಹೊಟ್ಟೆ ಉರಿಯುತ್ತಿದ್ದರೆ ಅವನಿಗೆ ಕಥೆ! ತಿಂಗಳಲ್ಲಿ ಬರೆದ: ಮೈಯೆಲ್ಲ ಬೆಳಕಾದ್ದರಿಂದ ಒಬ್ಬರ ಮುಖ ಒಬ್ಬರಿಗೆ ಕಾಣದ ಒಂದು ಕುಲದ ಕಥೆ. ಅದನ್ನು ಓದಿದ ಮೇಲೆ ನನ್ನ ಕಣ್ಣೂ ಬದಲಾಯಿತು. ಜೋಳದ ರಾಶಿ ಮಾಡುವಾಗ ಸೂರ್ಯನಿಗೆ ಎದುರಾಗಿ ನಿಂತು, ತೂರುವವರನ್ನು ಹೊಟ್ಟಿನ ಧೂಳಿನೊಳಗೆ ಹಿಡಿದೆ. ನನ್ನ ಜೀವಮಾನದಲ್ಲಿ ನಾನು ತೆಗೆದ ಒಳ್ಳೆಯ ಫೋಟೋ ಅದು. ಬೆಳಕಿಗೆ ಬೆನ್ನು ಕೊಟ್ಟೇ ಫೋಟೋ ತೆಗೆಯಬೇಕು ಎಂದು ಕಲಿಸಿದ್ದ ದತ್ತೋಬಾ ಮಾಮಾ ಅದನ್ನು ನೋಡಿ ಒಂದು ಪ್ರಿಂಟು ಕೇಳಿ ಪಡೆದರು.

ಆದರೂ ಗುರುಪಾದನ ಬಗ್ಗೆ ಒಳಗೊಳಗೆ ಒಂದು ಅಳುಕಿತ್ತು. ಅವನು ಬಹಳ ಕೇಳಿಸಿಕೊಳ್ಳುತ್ತಿದ್ದ. ಗಿರಾಕಿಗಳು ನನ್ನ ಮುಂದೆ ಮನೆಯ ಮಾತು ಆಡುವಾಗ ಬೆಂಚಿನ ತುದಿಯಲ್ಲಿ ಕೂತು ಸಣ್ಣ ಡೈರಿಯಲ್ಲಿ ಏನೋ ಗೀಚುತ್ತಿದ್ದ. ಆರು ತಿಂಗಳ ನಂತರ ಅದೇ ಮಾತು ಯಾವುದೋ ಗ್ರಹದ ಮೇಲೆ ಯಾರೋ ಆಡುತ್ತಿದ್ದರು.

ಇನ್ನು ಕಸ್ತೂರಿ ಎಂಬಾಕೆಯ ವಿಷಯ.

ಒಂದು ದಿನ ಬಸವನ ಬಾಗೇವಾಡಿಯ ಶಾಲೆಯೊಂದರಲ್ಲಿ ಮಕ್ಕಳ ಗ್ರೂಪ್ ಫೋಟೋ ತೆಗೆದು ಬಸ್‌ಸ್ಟ್ಯಾಂಡಿಗೆ ಬರುತ್ತಿದ್ದೆ. ಭೀಮಣ್ಣ ಎಂಬ ಪರಿಚಯದವನು ಅಡ್ಡ ಬಂದು ನಿಂತ. ನಮ್ಮೂರಿನ ಸರಕಾರಿ ಹಾಸ್ಟೆಲಿನಲ್ಲಿ ಜವಾನನಾಗಿದ್ದ. "ಅರ್ಧಾ ತಾಸ ಬರ್ರಿ ಅಣ್ಣಾರ, ನನ್ನ ಲಗ್ನ ಐತಿ" ಎಂದ. ಸಣ್ಣದೊಂದು ಗುಡಿಯ ಕಟ್ಟೆ. ಹುಡುಗಿ ಕಸ್ತೂರಿ, ಅವಳ ಅತ್ಯಾ ಅಂದರೆ ಅಪ್ಪನ ತಂಗಿ, ಭೀಮಣ್ಣನ ಒಬ್ಬ ಗೆಳೆಯ, ಪೂಜಾರಿ. ಇಷ್ಟೇ ಜನ. ಹುಡುಗಿಯ ಜಾತಿ ಬೇರೆ ಎಂದು ಭೀಮಣ್ಣನ ತಾಯಿ ಗಂಗವ್ವ ಬಂದಿರಲಿಲ್ಲ.

ಫೋಟೋಕ್ಕೆ ನಿಲ್ಲಿಸಿದಾಗ ಕಸ್ತೂರಿ ತನ್ನ ಬಲಕ್ಕೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ನಿಂತಳು. "ಸರೀರಿ" ಎಂದೆ. "ಸ್ವಲ್ಪ ತಡೀರಿ ಅಣ್ಣಾರ, ಅತ್ತಿ ಬಂದರೂ ಬಂದಾಳು" ಎಂದಳು. ತಡೆದೆ. ಪೂಜಾರಿ ಗೊಣಗತೊಡಗಿದ. ಯಾರೂ ಬರಲಿಲ್ಲ. ಅವಳು ಜಾಗ ಮುಚ್ಚಲಿಲ್ಲ, ನಾನು ಹಾಗೆಯೇ ಹೊಡೆದೆ.

ಎರಡು ವರ್ಷವಾದ ಮೇಲೆ ಗಂಗವ್ವ ತೀರಿಕೊಂಡಳು. ಸಾಯುವವರೆಗೂ ಸೊಸೆಯ ಮನೆಯ ಹೊಸ್ತಿಲು ತುಳಿಯಲಿಲ್ಲ. ಕಸ್ತೂರಿ ಅವಳ ಒಂದು ಹಳೆಯ ಫೋಟೋ ಹಿಡಿದುಕೊಂಡು ನನ್ನ ಅಂಗಡಿಗೆ ಬಂದಳು. "ಆ ಜಾಗಾದಾಗ ಅತ್ತಿನ್ನ ನಿಂದರಸ್ರಿ. ನನ್ನ ಮಗಳು ದೊಡ್ಡಾಕಿ ಆದಮ್ಯಾಲ ಅಜ್ಜಿ ಬಂದಿದ್ಲು ಅನ್ನಲಿ" ಎಂದಳು.

ನಿಲ್ಲಿಸಿದೆ. ಅಲ್ಲಿಯೇ ನನ್ನ ತಪ್ಪು. ಗಂಗವ್ವನ ಫೋಟೋದಲ್ಲಿ ಬೆಳಕು ಎಡದಿಂದ, ಮದುವೆಯ ಫೋಟೋದಲ್ಲಿ ಬಿಸಿಲು ಬಲದಿಂದ. ಎಲ್ಲರ ಮೂಗಿನ ನೆರಳು ಒಂದು ಕಡೆ, ಅತ್ತೆಯದು ಇನ್ನೊಂದು ಕಡೆ. ನನಗೆ ಗೊತ್ತಾಗಿತ್ತು. ಯಾರು ನೋಡುತ್ತಾರೆ ಎಂದು ಬಿಟ್ಟೆ.

ಗುರುಪಾದ ನೋಡಿದ. ಡಾರ್ಕ್‌ರೂಮಿನಿಂದ ಒದ್ದೆ ಪ್ರಿಂಟು ಹೊರಗೆ ತಂದ ಕೂಡಲೇ, "ಈ ಮುದುಕಿ ಬ್ಯಾರೆ ಹೊತ್ತಿನ್ಯಾಗಿಂದ ಬಂದಾಳ" ಎಂದ. ಅವನ ಅತ್ಯುತ್ತಮ ಕಥೆ ಹುಟ್ಟಿದ್ದು ಹಾಗೆ. ಒಂದು ಮದುವೆಯ ಫೋಟೋದಲ್ಲಿ ಒಬ್ಬ ಮುದುಕಿಯ ನೆರಳು ಮಾತ್ರ ಎದುರು ದಿಕ್ಕಿಗೆ ಬೀಳುತ್ತದೆ, ಯಾಕೆಂದರೆ ಆಕೆ ಇನ್ನೂ ಬರಬೇಕಾದ ಒಂದು ಸಂಜೆಯಿಂದ ಹಿಂದಕ್ಕೆ ನಡೆದು ಬಂದವಳು. ಹೆಸರು ಬದಲಿಸಿದ್ದ, ಊರು ಬದಲಿಸಿದ್ದ. ಬೇರೊಬ್ಬ ಅಜ್ಜಿಯನ್ನು ನಿಲ್ಲಿಸಿ ಚಿತ್ರ ನಾನೇ ಮಾಡಿಕೊಟ್ಟೆ.

ಇದೆಲ್ಲ ಆಗಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಳೆಯಿತು. ರೀಲು ಹೋಯಿತು, ಡಿಜಿಟಲ್ ಬಂತು, ಡಾರ್ಕ್‌ರೂಮಿನಲ್ಲಿ ಹೆಂಡತಿ ಜೋಳದ ಚೀಲ ಇಟ್ಟಳು. ಆಗ ಭೀಮಣ್ಣ ಕೆಲಸದಲ್ಲಿದ್ದಾಗಲೇ ತೀರಿಕೊಂಡ. ಅನುಕಂಪದ ನೌಕರಿ ಕಸ್ತೂರಿಗೆ ಬರಬೇಕು, ಮನೆಯೂ ಅವಳದೇ. ಆದರೆ ಭೀಮಣ್ಣನ ತಮ್ಮ ಕೋರ್ಟಿಗೆ ಹೋದ. ಲಗ್ನವೇ ಆಗಿಲ್ಲ, ನಮ್ಮಣ್ಣ ಈಕೆಯನ್ನು ಸುಮ್ಮನೆ ಇಟ್ಟುಕೊಂಡಿದ್ದ ಎಂಬುದು ಅವನ ವಾದ. ಮದುವೆ ನೋಂದಣಿ ಆಗಿರಲಿಲ್ಲ. ಪೂಜಾರಿ ಸತ್ತಿದ್ದ, ಅತ್ಯಾ ಸತ್ತಿದ್ದಳು, ಗೆಳೆಯ ಊರು ಬಿಟ್ಟು ಎಲ್ಲಿ ಹೋದನೋ. ರೇಷನ್ ಕಾರ್ಡು, ವೋಟಿನ ಕಾರ್ಡಿನಲ್ಲಿ ಗಂಡನ ಹೆಸರು ಬರೀ ಬಾಯಿಮಾತಿನಿಂದ ಬರೆಸಿದ್ದು ಎಂದು ಎದುರು ಪಕ್ಷದವರು ತಳ್ಳಿಹಾಕಿದರು. ಉಳಿದದ್ದು ಅವಳ ಮನೆಯ ಗೋಡೆಯ ಮೇಲಿನ ಆ ಫೋಟೋ, ಅದನ್ನು ತೆಗೆದ ನಾನು.

ಸಾಕ್ಷಿಗೆ ಕರೆ ಬಂತು. ಅದರ ಬೆನ್ನಿಗೇ ಕಸ್ತೂರಿಯ ವಕೀಲರು ಒಂದು ಕಾಗದ ತೋರಿಸಿದರು. ಎದುರು ಪಕ್ಷದವರು ಕೋರ್ಟಿಗೆ ಹಾಜರುಪಡಿಸಿದ ದಾಖಲೆ: ಗುರುಪಾದನ ಆ ಮುದುಕಿಯ ಕಥೆ, ಜೊತೆಗೆ ನಾನು ಮಾಡಿದ ಎರಡು ಚಂದ್ರರ ಚಿತ್ರ. ಈ ಮನುಷ್ಯ ಖೊಟ್ಟಿ ಫೋಟೋ ಮಾಡುವುದರಲ್ಲಿ ಪಳಗಿದವನು, ಈ ಮದುವೆಯೂ ಅಂಥದೇ ಎಂದು ಬರೆದಿದ್ದರು.

ಅಷ್ಟು ಹಳೆಯ ಪತ್ರಿಕೆ ಯಾರ ಹತ್ತಿರ ಇರುತ್ತದೆ? ಗುರುಪಾದನ ಹತ್ತಿರ. ಭೀಮಣ್ಣನ ತಮ್ಮ ಓದಿದ್ದು ಎಲ್ಲಿ? ಸಿಂದಗಿಯಲ್ಲಿ, ಗುರುಪಾದನ ಕೈಕೆಳಗೆ. ನನಗೆ ಇನ್ನೇನು ಬೇಕು. ಫೋನು ಹಚ್ಚಿ, "ಎಷ್ಟಕ್ಕ ಮಾರಿದಿ ಮಾಸ್ತರ?" ಎಂದೆ. ಅವನಿಗೆ ತಿಳಿಯಲಿಲ್ಲ. ತಿಳಿಯದ ಹಾಗೆ ನಟಿಸುತ್ತಿದ್ದಾನೆ ಎಂದುಕೊಂಡು ಬಾಯಿಗೆ ಬಂದದ್ದೆಲ್ಲ ಅಂದೆ. ನಿನ್ನ ಡೈರಿ ಕಳ್ಳನ ಡೈರಿ ಎಂದೂ ಅಂದೆ. ಅವನು ಫೋನು ಇಟ್ಟ. ಆಮೇಲೆ ತಿಂಗಳುಗಟ್ಟಲೆ ಮಾತಿಲ್ಲ.

ಸಾಕ್ಷಿಗೆ ಎರಡು ದಿನ ಇರುವಾಗ ಕಸ್ತೂರಿ ಬಂದಳು. ನಿಂತೇ ಇದ್ದಳು, ಕೂರಲಿಲ್ಲ.

"ಅತ್ತಿ ಬಂದಿದ್ಲು ಅಂತ ಹೇಳ್ರಿ ಅಣ್ಣಾರ."

"ಅಲ್ಲವ್ವಾ, ಅದನ್ನ ಅಂಟಿಸಿದ್ದು ನಿನಗೂ ಗೊತ್ತೈತಿ, ನನಗೂ ಗೊತ್ತೈತಿ."

"ಇಡೀ ಓಣಿಗೆ ನಾ ಹಂಗ ಹೇಳೇನಿ. ನನ್ನ ಮಗಳಿಗೂ ಹಂಗ ಹೇಳೇನಿ. ಈಗ ಎಲ್ಲರ ಎದುರಿಗೆ ಅತ್ತಿ ನನ್ನ ಮಾರಿ ನೋಡಲಿಲ್ಲ ಅಂತ ಆದರ, ನೌಕರಿ ತಗೊಂಡು ಏನ ಮಾಡ್ಲಿ?"

ಅವಳು ಹೋದ ಮೇಲೆ ಹಳೆಯ ನೆಗೆಟಿವ್ ಹುಡುಕಲು ಕೂತೆ. ಬೇರೆ ಸ್ಟುಡಿಯೋದವರು ತಮ್ಮ ನೆಗೆಟಿವ್ ಎಂದೋ ಕಸಕ್ಕೆ ಹಾಕಿದ್ದರು. ನಾನು ಯಾರನ್ನೂ ನಂಬದವನು, ನಾಳೆ ಯಾವನಾದರೂ ತಕರಾರು ತೆಗೆದಾನು ಎಂದು ಒಂದನ್ನೂ ಬಿಸಾಡಿರಲಿಲ್ಲ. ಸಿಕ್ಕಿತು. ಕತ್ತರಿಸದ ಒಂದೇ ಪಟ್ಟಿ, ಆರು ಚಿತ್ರ. ಮೊದಲೆರಡು ಬಾಗೇವಾಡಿ ಶಾಲೆಯ ಮಕ್ಕಳು, ಮುಂದೆ ಹಿಡಿದ ಪಾಟಿಯ ಮೇಲೆ ತರಗತಿ, ಇಸವಿ. ಉಳಿದ ನಾಲ್ಕು ಆ ಗುಡಿಯ ಕಟ್ಟೆ. ತಾಳಿ ಕಟ್ಟುವುದೂ ಇತ್ತು. ಕಸ್ತೂರಿಯ ಬಲಕ್ಕೆ ಬರೀ ಗೋಡೆ.

ಇದನ್ನು ತೋರಿಸಿದರೆ ಮದುವೆ ಗಟ್ಟಿಯಾಗುತ್ತದೆ, ಅತ್ತೆ ಹೋಗುತ್ತಾಳೆ. ತೋರಿಸದೆ ಅತ್ತೆ ಬಂದಿದ್ದಳು ಎಂದರೆ ಆ ನೆರಳನ್ನು ಹಿಡಿದು ವಕೀಲ ನನ್ನನ್ನು ಅಲ್ಲಿಯೇ ಕೆಡವುತ್ತಾನೆ, ಜೊತೆಗೆ ಕಸ್ತೂರಿಯನ್ನೂ.

ಮರುದಿನ ಬೆಳಿಗ್ಗೆ ಗುರುಪಾದ ಬಂದ. ನಾನು ಕರೆದಿರಲಿಲ್ಲ. ಒಳಗೆ ಬಂದವನೇ ನನ್ನನ್ನು ಮಾತಾಡಿಸದೆ, ಗಿರಾಕಿಗಳು ಕೂರುವ ಬೆಂಚಿನ ಎದುರು ನಿಂತು ಗೋಡೆಗೆ ಬೆರಳು ತೋರಿಸಿದ.

"ಅದೇನೋ?"

ಗೋಡೆಯ ಮೇಲೆ ಗಾಜು ಹಾಕಿಸಿದ ಚೌಕಟ್ಟುಗಳು. ಎರಡು ಚಂದ್ರ, ಬೆಳಕಿನ ಮಂದಿ, ನೆರಳಿನ ಮುದುಕಿಯ ಕಥೆಯ ಪೂರ್ತಿ ಪುಟ. ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು. ಬಂದವರು ನೋಡಲಿ ಎಂದು ನಾನೇ ತೂಗು ಹಾಕಿದ್ದು.

"ಭೀಮಣ್ಣನ ತಮ್ಮ ಪಾಸ್‌ಪೋರ್ಟ್ ಫೋಟೋಕ್ಕ ಇಲ್ಲಿಗೇ ಬರತಿದ್ದಿಲ್ಲೇನು? ಕುಂತು ಓದ್ಯಾನ. ನಿನ್ನೆ ಅವನ ಮನಿಗೆ ಹೋಗಿ ಕೇಳೇನಿ. ಮೊಬೈಲ್‌ನಾಗ ಫೋಟೋ ಹೊಡಕೊಂಡು ಹೋದೆ ಸರ್ ಅಂದ. ನನ್ನ ಡೈರಿ ಕಳ್ಳನ ಡೈರಿ ಹೌದು. ಆದರ ಗ್ವಾಡಿಗೆ ಹಾಕಿದಾಂವ ನೀನು."

ಇಷ್ಟು ವರ್ಷ ಎಲ್ಲರ ಮೇಲೆ ಸಂಶಯಪಟ್ಟವನು ನನ್ನ ಗೋಡೆಯೊಂದನ್ನು ಬಿಟ್ಟಿದ್ದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. "ತಪ್ಪಾತೋ ಮಾಸ್ತರ" ಎಂದೆ. ಕಸ್ತೂರಿ ಕೇಳಿಕೊಂಡದ್ದನ್ನು ಹೇಳಿ ನೆಗೆಟಿವ್ ಪಟ್ಟಿಯನ್ನು ಅವನ ಕೈಗೆ ಕೊಟ್ಟೆ, ಅವನು ಅದನ್ನು ಬೆಳಕಿಗೆ ಹಿಡಿದ.

"ನಾ ಸುಳ್ಳ ಹೇಳಿದರ ಕಥಿ ಆಗ್ತೈತಿ. ನೀ ಹೇಳಿದರ ಆ ಹೆಣಮಗಳ ಜೀವ ಹೋಗ್ತೈತಿ" ಎಂದ. "ಇದನ್ನ ತಗೊಂಡು ನಡಿ."

ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು ಮೊದಲು ಎರಡು ಚಂದ್ರರ ಚಿತ್ರ ಎತ್ತಿದರು.

"ಇದನ್ನ ಮಾಡಿದವರು ನೀವ?"

"ಹೌದ್ರಿ."

"ನಮ್ಮ ತಾಲ್ಲೂಕಿನಾಗ ಎರಡು ಚಂದ್ರ ಅದಾವೇನ್ರಿ?"

"ಇಲ್ರಿ. ಅದು ನಮ್ಮ ಮನಿ ತಾಟ."

ಹಿಂದೆ ಕೂತವರು ನಕ್ಕರು. ವಕೀಲರು ನಗಲಿಲ್ಲ. ಮದುವೆಯ ಫೋಟೋ ಎತ್ತಿ, "ಈ ಮುದುಕಿ ನೆರಳು ಉಲ್ಟಾ ಯಾಕ ಐತಿ?" ಎಂದರು.

ಕಸ್ತೂರಿ ಬಾಗಿಲ ಹತ್ತಿರ ಮಗಳ ಜೊತೆ ನಿಂತಿದ್ದಳು. ಅವಳ ಕಡೆ ನೋಡಬಾರದು ಎಂದುಕೊಂಡೇ ನೋಡಿದೆ.

"ಅದು ಆಮ್ಯಾಲ ಅಂಟಿಸಿದ್ದರಿ. ಗಂಗವ್ವ ಅವತ್ತ ಬಂದಿದ್ದಿಲ್ಲ."

ಕಸ್ತೂರಿ ಸೆರಗು ಬಾಯಿಗೆ ಒತ್ತಿಕೊಂಡಳು. ಮಗಳು ತಾಯಿಯ ಮುಖ ನೋಡಿದಳು. ವಕೀಲರು ಗೆದ್ದವರಂತೆ ಕೂತರು. ನಾನು ಪಟ್ಟಿಯನ್ನು ಕಿಸೆಯಿಂದ ತೆಗೆದು ಜಜ್ ಮೇಡಂ ಅವರಿಗೆ ಕೊಡಲು ಅಪ್ಪಣೆ ಕೇಳಿದೆ. ಒಂದೇ ಪಟ್ಟಿ, ನಡುವೆ ಕತ್ತರಿ ಬಿದ್ದಿಲ್ಲ, ಅಂಚಿನ ಅಂಕಿಗಳು ಸಾಲಾಗಿವೆ, ಪಾಟಿಯ ಮೇಲಿನ ಇಸವಿ ಓದಬಹುದು ಎಂದು ವಿವರಿಸಿದೆ. ಅವರು ಎದ್ದು ಕಿಟಕಿಯ ಬಳಿ ಹೋಗಿ ಅದನ್ನು ಬೆಳಕಿಗೆ ಹಿಡಿದರು.

"ಇಲ್ಲಿ ಹುಡುಗಿ ಪಕ್ಕದಲ್ಲಿ ಇಷ್ಟು ಜಾಗ ಯಾಕೆ ಬಿಟ್ಟಿದೆ?" ಎಂದು ಕೇಳಿದರು.

"ಅತ್ತಿ ಬಂದಾಳು ಅಂತ ಬಿಟ್ಟಿದ್ಲರಿ. ಬಹಳ ಹೊತ್ತು ಕಾದ್ವಿ."

ಅವರು ಅದನ್ನು ಬರೆಸಿಕೊಂಡರು. ಮುಂದೆ ತೀರ್ಪು ಕಸ್ತೂರಿಯ ಕಡೆಗೆ ಆಯಿತು. ಮನೆ ಉಳಿಯಿತು, ಹಾಸ್ಟೆಲಿನಲ್ಲಿ ಅಡುಗೆಯ ಕೆಲಸ ಸಿಕ್ಕಿತು. ಆದರೆ ಅವಳು ನನ್ನ ಅಂಗಡಿಯ ಮುಂದಿನಿಂದ ಹಾಯುವುದನ್ನೇ ಬಿಟ್ಟಳು. ಮಾರ್ಕೆಟ್ಟಿನಲ್ಲಿ ಎದುರಾದರೆ ತರಕಾರಿ ಗಾಡಿಯ ಆಚೆ ತಿರುಗಿ ಹೋಗುತ್ತಿದ್ದಳು. ನನಗೆ ಕೆಟ್ಟದೆನಿಸುತ್ತಿತ್ತು. ಖರೇ ಹೇಳಿ ಒಬ್ಬರ ಮನೆ ಉಳಿಸಿದ್ದೇನೆ ಎಂದು ಎಷ್ಟು ಸಲ ಹೇಳಿಕೊಂಡರೂ ಆ ಸೆರಗು ಒತ್ತಿಕೊಂಡ ಬಾಯಿ ಕಣ್ಣಿಗೆ ಕಟ್ಟುತ್ತಿತ್ತು. ಸ್ಟುಡಿಯೋ ಮುಚ್ಚುವ ದಿನವೂ ಅವಳು ಬರಲಿಲ್ಲ.

ಹೋದ ವರ್ಷ ಅವಳ ಮಗಳ ಲಗ್ನಕ್ಕೆ ಕರೆ ಬಂತು. ಮಗಳೇ ಬಂದು ಕೊಟ್ಟು ಹೋದಳು. ಗುರುಪಾದನಿಗೂ ಕೊಟ್ಟಿದ್ದಳು. ಯಾಕೆ ಕರೆದಿದ್ದಾರೋ ಎಂದು ಗುಮಾನಿಪಡುತ್ತಲೇ ಇಬ್ಬರೂ ಮಂಗಲ ಕಾರ್ಯಾಲಯಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು. ಅಕ್ಷತೆ ಮುಗಿದ ಮೇಲೆ ಫೋಟೋ ಹುಡುಗರು ದೊಡ್ಡ ಪರದೆ ಹಚ್ಚಿದರು. ಈಗಿನ ಹೊಸ ಪದ್ಧತಿ ನಿಮಗೆ ಗೊತ್ತೇ ಇದೆ, ತೀರಿಕೊಂಡವರನ್ನು ಕಂಪ್ಯೂಟರಿನಲ್ಲಿ ನಡೆಸಿಕೊಂಡು ಬರುತ್ತೀರಿ. ಪರದೆಯ ಮೇಲೆ ಮೊದಲು ಭೀಮಣ್ಣ ಬಂದು ಮಗಳ ತಲೆ ಮುಟ್ಟಿದ. ಆಮೇಲೆ ಹಸಿರು ಸೀರೆ ಉಟ್ಟ ಗಂಗವ್ವ ನಿಧಾನವಾಗಿ ನಡೆದು ಬಂದು, ಮೊಮ್ಮಗಳನ್ನು ಹರಸಿ, ಪಕ್ಕದಲ್ಲಿದ್ದ ಕಸ್ತೂರಿಯ ಹೆಗಲ ಮೇಲೆ ಕೈ ಇಟ್ಟು ನಕ್ಕಳು. ಎಲ್ಲ ಗೊತ್ತಿದ್ದ ಓಣಿಯ ಜನವೇ ಚಪ್ಪಾಳೆ ಹೊಡೆದರು.

"ನನ್ನ ಕಥಿ ಕದ್ದಾರ" ಎಂದು ಗುರುಪಾದ ಗೊಣಗಿದ. ಇಷ್ಟು ವರ್ಷ ಜೊತೆಗಿದ್ದು ಅವನಿಗೂ ನನ್ನ ರೋಗ ತಗುಲಿದೆ.

ಕಸ್ತೂರಿ ಮಂದಿಯ ನಡುವೆ ದಾರಿ ಮಾಡಿಕೊಂಡು ಬಂದು ನನ್ನ ಕುರ್ಚಿಯ ಪಕ್ಕ ನಿಂತಳು. ನನ್ನನ್ನು ನೋಡಲಿಲ್ಲ, ಪರದೆಯನ್ನೇ ನೋಡುತ್ತಿದ್ದಳು.

"ಈಗ ಹೇಳ್ರಿ ಅಣ್ಣಾರ. ನಮ್ಮತ್ತಿ ಬಂದಾಳೋ ಇಲ್ಲೋ?"

"ಬಂದಾಳವ್ವ" ಎಂದೆ. "ನಾನ ಸಾಕ್ಷಿ ಅದೇನಿ."

ಅವಳು ಕಣ್ಣೊರೆಸಿಕೊಂಡು, "ಊಟಕ್ಕ ಏಳ್ರಿ, ಹೋಳಿಗಿ ಆರಾಕತ್ತಾವ" ಎಂದಳು.